ಹಾಡಿನ ಫೈಲು ಸಾಗಿಸುವ ಮುನ್ನ

ಅಜ್ಜಿ ಹಾಡುವ ಜೋಗುಳವನ್ನು ಮಗಳ ಪಿಯಾನೋ ಅಭ್ಯಾಸಕ್ಕೆಂದು ‘ಫಿನಾಲೆ’ಯಲ್ಲಿ ಬರೆದಿಟ್ಟಿದ್ದೀರಾ? ಹಾಗಾದರೆ ಈ ವಾರಾಂತ್ಯಕ್ಕೆ ನಿಮಗೊಂದು ಕೆಲಸವಿದೆ. 1988ರಲ್ಲಿ ಬಂದ ಆ ಸಾಫ್ಟ್‌ವೇರ್‌ನ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಮೇಕ್‌ಮ್ಯೂಸಿಕ್ ಕಂಪನಿ 2024ರ ಆಗಸ್ಟ್‌ನಲ್ಲೇ ಹೇಳಿದೆ. ಇವತ್ತು ತೆರೆದುಕೊಳ್ಳುವ ಫೈಲು ನಿಮ್ಮ ಮುಂದಿನ ಕಂಪ್ಯೂಟರಿನಲ್ಲೂ ತೆರೆಯುತ್ತದೆ ಎಂಬ ಭರವಸೆಯಿಲ್ಲ.

ಈಗಲೇ ಪ್ರತಿ ಹಾಡನ್ನೂ ‘ಮ್ಯೂಸಿಕ್‌ಎಕ್ಸ್‌ಎಂಎಲ್’ ಆಗಿ ಎಕ್ಸ್‌ಪೋರ್ಟ್ ಮಾಡಿ. ಹೋಲಿಸಿ ನೋಡಲು ಒಂದು ಪಿಡಿಎಫ್ ಕೂಡ ಇಟ್ಟುಕೊಳ್ಳಿ. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ಆಗಲಿ, ಡೋರಿಕೋ ಆಗಲಿ ಅದನ್ನು ಓದುತ್ತದೆ. ಸ್ವರಗಳು ಬಹುಮಟ್ಟಿಗೆ ಸರಿಯಾಗಿಯೇ ಬರುತ್ತವೆ. ಪುಟದ ಜೋಡಣೆ ಸ್ವಲ್ಪ ಬದಲಾಗಬಹುದು.

ಹೆಚ್ಚು ಎಚ್ಚರ ಬೇಕಾದದ್ದು ಸ್ವರದ ಕೆಳಗಿನ ಕನ್ನಡಕ್ಕೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸಬಹುದು. ಆಗ ಮತ್ತೆ ಟೈಪ್ ಮಾಡಬೇಕಾಗಬಹುದು. ಅದಕ್ಕೆ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಅಮ್ಮ’ ಎಂಬ ಪದವನ್ನು ಎರಡು ಸ್ವರಕ್ಕೆ ಹೇಗೆ ಹಂಚುವುದು ಎಂದು ಕೇಳಿ. ಕಿವಿಗೆ ಅದು ‘ಅಮ್–ಮ’, ಬರೆಯುವಾಗ ‘ಅ–ಮ್ಮ’. ಒತ್ತಕ್ಷರದ ಪಾಠ ಅಲ್ಲೇ ಆಗಿಬಿಡುತ್ತದೆ.

ಕೊನೆಗೆ ಅಜ್ಜಿಗೆ ಫೋನ್ ಮಾಡಿ, ಹೊಸ ಪುಟ ನೋಡಿಕೊಂಡು ಮಗಳೇ ಹಾಡಲಿ. ಪದ ತಪ್ಪಿದ್ದರೆ ಅಜ್ಜಿಯೇ ತಿದ್ದುತ್ತಾರೆ.