ಹೊರಗಿನ ಬಿಯರಿಗೆ ಹೆದ್ದಾರಿ, ಊರ ಬಿಯರಿಗೆ ಹೊಸಿಲೇ ಗಡಿ

ಹತ್ತು ಹನ್ನೆರಡು ವರ್ಷದ ಹಿಂದೆ ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ವೈನ್ ಷಾಪುಗಳಲ್ಲಿ ಬಿಯರ್ ಎಂದರೆ ನಾಲ್ಕೈದು ಹೆಸರು, ಅಷ್ಟೆ. ಸ್ಟ್ರಾಂಗೋ ಮೈಲ್ಡೋ ಅಂತ ಕೇಳಿದರೆ ವ್ಯಾಪಾರ ಮುಗಿಯಿತು. ಆಮೇಲೆ ಫ್ರಿಜ್ಜಿನೊಳಗೆ ಬಣ್ಣಬಣ್ಣದ ಸರಕು ನುಗ್ಗಿತು. ಒಂದರ ಮೇಲೆ ಕೋತಿ, ಇನ್ನೊಂದರ ಮೇಲೆ ಗೂಬೆ! ದೆಹಲಿಯಿಂದ ಬೀರಾ 91, ಮುಂಬೈಯಿಂದ ವೈಟ್ ಔಲ್, ಛತ್ತೀಸ್‌ಗಢದಿಂದ ಸಿಂಬಾ, ಗೋವಾದಿಂದ ಮಾಕಾ ಡಿ. ಇವುಗಳಿಗೆಲ್ಲ ಕ್ರಾಫ್ಟ್ ಬಿಯರ್ ಎಂದು ಹೆಸರು. ದೊಡ್ಡ ಕಾರ್ಖಾನೆಯ ಒಂದೇ ರುಚಿಯ ಮಾಲಲ್ಲ. ಗೋಧಿ, ಬಗೆಬಗೆಯ ಮಾಲ್ಟು, ಘಾಟಿನ ಹಾಪ್ಸ್ ಹಾಕಿ ಕುದಿಸಿದ್ದು ಎಂಬುದು ಅದರ ಹೆಮ್ಮೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಈ ಬಗೆಯ ಬಿಯರನ್ನು ದೇಶದಲ್ಲಿ ಮನೆಮಾತು ಮಾಡಿದ ಊರುಗಳಲ್ಲಿ ಬೆಂಗಳೂರೇ ಮುಂದು. ಹಾಗಿದ್ದ ಮೇಲೆ ಬೆಂಗಳೂರಿನ ಪಶ್ಚಿಮದ ಅಂಗಡಿಗಳಿಗೆ ಈ ಬಿಯರ್ ದೆಹಲಿ, ಮುಂಬೈ ಹೆಸರಲ್ಲಿ ಬಂದದ್ದೇಕೆ? ಊರಿನ ಸಣ್ಣ ಬಿಯರ್ ಎಲ್ಲಿ ಹೋಯಿತು?

ತವರಿನ ಕತೆ

ಈ ಊರಿಗೆ ಬಿಯರ್ ಹೊಸದೇನಲ್ಲ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವ ದಕ್ಷಿಣದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠಲ್ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. 1978ರಲ್ಲಿ ಕಿಂಗ್‌ಫಿಷರ್ ಬಂತು. 2021ರಲ್ಲಿ ಕಂಪನಿಯ ಹಿಡಿತ ಹಾಲೆಂಡಿನ ಹೈನೆಕೆನ್ ಪಾಲಾಯಿತು. ತುಮಕೂರು ರಸ್ತೆಯ ನೆಲಮಂಗಲದಲ್ಲಿ ಇದೇ ಕಂಪನಿಯ ಕಾರ್ಖಾನೆ. ಪೀಣ್ಯ ದಾಟಿದರೆ ಹೆಚ್ಚು ದೂರವಿಲ್ಲ.

ಯು.ಬಿ.ಯ ಹಳೇ ಬ್ರೂವರಿ ಇದ್ದ ಜಾಗದಲ್ಲಿ ಈಗ ನಿಂತಿರುವುದು ಯು.ಬಿ. ಸಿಟಿ. ಅದೇ ವಿಠಲ್ ಮಲ್ಯ ರಸ್ತೆಯಲ್ಲಿ 2011ರಲ್ಲಿ ‘ಬಿಯರ್ ಕ್ಲಬ್’ ಶುರುವಾಯಿತು. ಅಲ್ಲೇ ಕುದಿಸಿ ಅಲ್ಲೇ ಕೊಡುವ ಮೈಕ್ರೋಬ್ರೂವರಿ. ಇಂದಿರಾನಗರದ ಟಾಯ್ಟ್, 2012ರಲ್ಲಿ ಮಗ್ರಾತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಸೇರಿ ಒಂದು ಹೊಸ ಷೋಕಿಯೇ ಹುಟ್ಟಿತು.

ಆದರೆ ಹುಟ್ಟಿದ್ದು ಎಲ್ಲಿ? ಹೆಚ್ಚುಪಾಲು ಪೂರ್ವದಲ್ಲಿ. ಐಟಿ ಸಂಬಳ ಇದ್ದ ಕಡೆ, ದೊಡ್ಡ ಜಾಗ ಸಿಕ್ಕ ಕಡೆ. ಪಶ್ಚಿಮದ್ದು ಬೇರೆ ಲೆಕ್ಕ. ಇಂಡಸ್ಟ್ರಿಯಲ್ ಎಸ್ಟೇಟಿನ ಷೆಡ್ಡುಗಳು, ಮೂವತ್ತು ನಲವತ್ತರ ಸೈಟುಗಳು, ಮೂಲೆಗೊಂದು ದೇವಸ್ಥಾನ, ಶಾಲೆ. ಇವುಗಳಿಂದ ನೂರು ಮೀಟರ್ ದೂರ ಇರಬೇಕೆಂಬ ಅಬಕಾರಿ ನಿಯಮ ಬೇರೆ. 2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೋ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದ ಮೇಲೆ ವಿಜಯನಗರದ ಹುಡುಗರು ಒಂದೇ ರೈಲಿನಲ್ಲಿ ಕೂತು ಇಂದಿರಾನಗರದಲ್ಲಿ ಇಳಿಯುವಂತಾಯಿತು. ಬಾಯಿರುಚಿ ಅಲ್ಲಿ ಹತ್ತಿತು. ವಾರದ ದಿನ ಮನೆ ಹತ್ತಿರದ ಅಂಗಡಿಯಲ್ಲಿ ಅದನ್ನೇ ಕೇಳತೊಡಗಿದರು.

ಬಾಗಿಲು ದಾಟುವಂತಿಲ್ಲ

ಕೇಳಿದರೆ ಕೊಡೋದು ಹೇಗೆ? ಮೈಕ್ರೋಬ್ರೂವರಿ ಲೈಸೆನ್ಸಿನ ಮೂಲ ನಿಯಮವೇ ಆ ಆವರಣದಲ್ಲಿ ಕುದಿಸಿ ಆ ಆವರಣದಲ್ಲೇ ಕುಡಿಸುವುದು. ಸೀಸೆಗೆ ತುಂಬಿ ಎದುರು ರಸ್ತೆಯ ವೈನ್ ಷಾಪಿಗೆ ಕೊಡುವಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಟ್ಯಾಂಕಿನ ಬಿಯರ್ ಹಾಳಾಗಿ ಚರಂಡಿಗೆ ಹೋಗುವ ಹೊತ್ತಿಗೆ, ಗಿರಾಕಿಗಳು ಗಾಜಿನ, ಸ್ಟೀಲಿನ ಪಾತ್ರೆಗಳಲ್ಲಿ ಒಯ್ಯಬಹುದು ಅಂತ ಸರ್ಕಾರ ತಾತ್ಕಾಲಿಕವಾಗಿ ಅಪ್ಪಣೆ ಕೊಟ್ಟಿತು. ಅಷ್ಟಕ್ಕೂ ಒಂದು ಮಹಾಮಾರಿಯೇ ಬರಬೇಕಾಯಿತು!

ಹೊರಗಿನವರ ದಾರಿ ಬೇರೆ. ಅವರದು ಪೂರ್ಣ ಬ್ರೂವರಿ. ಕರ್ನಾಟಕದ ಪರ್ಮಿಟ್ಟು ಮಾಡಿಸಿ, ಲೇಬಲ್ ಒಪ್ಪಿಗೆ ಪಡೆದು, 2003ರಲ್ಲಿ ಸ್ಥಾಪನೆಯಾದ ರಾಜ್ಯ ಪಾನೀಯ ನಿಗಮದ ಡಿಪೋಗೆ ಇಳಿಸಿದರೆ ಸಾಕು. ಅಲ್ಲಿಂದ ಯಾವ ವೈನ್ ಷಾಪಿಗೆ ಬೇಕಾದರೂ ಹೋಗಬಹುದು. ಗೋವಾದ ಬಿಯರ್ 500 ಕಿಲೋಮೀಟರಿಗೂ ಹೆಚ್ಚು ಹಾದಿ ಸವೆಸಿ ಬಸವೇಶ್ವರನಗರಕ್ಕೆ ಬರಬಹುದು. ಇಂದಿರಾನಗರದಲ್ಲಿ ಕುದಿಸಿದ್ದು ಬರುವಂತಿಲ್ಲ! ಆರ್ಬರ್ ಕಂಪನಿಯನ್ನೇ ನೋಡಿ. ಅಮೆರಿಕದ ಮಿಷಿಗನ್ ಹೆಸರು ಹೊತ್ತು ಬಂದು ನೆಲೆ ಊರಿದ್ದು ಬೆಂಗಳೂರಿನಲ್ಲಿ. ಅದರ ಒಂದು ಬಿಯರಿನ ಹೆಸರೇ ‘ಬ್ಯಾಂಗಲೋರ್ ಬ್ಲಿಸ್’. ಆದರೆ ಡಬ್ಬಿಯಲ್ಲಿ ಮಾರಲು ಹೊರಟಾಗ ಬ್ರೂವರಿ ಹಾಕಿದ್ದು ಗೋವಾದಲ್ಲಿ.

ಬೆಂಗಳೂರಿನದೇ ಆದ ಗೈಸ್ಟ್ ಹಳೇ ಮದ್ರಾಸ್ ರಸ್ತೆ ಕಡೆ ಸ್ವಂತ ಬ್ರೂವರಿ ಕಟ್ಟಿ ಬೇರೆ ಪಬ್ಬುಗಳಿಗೂ ಕೆಗ್ಗಿನಲ್ಲಿ ಮಾಲು ಕಳಿಸುವ ದಾರಿ ಹಿಡಿಯಿತು. ಅದಕ್ಕೆ ಬೇಕಾದ ಬಂಡವಾಳ ಎಷ್ಟು ಜನರ ಹತ್ತಿರ ಇದ್ದೀತು?

ರಾಜ್ಯಕ್ಕೊಂದು ಸುಂಕದಕಟ್ಟೆ

ಹಾಗಂತ ಹೊರಗಿನವರಿಗೆ ಹೂವಿನ ಹಾಸಿಗೆಯೇನೂ ಇಲ್ಲ. ಸಂವಿಧಾನದ ಪ್ರಕಾರ ಮದ್ಯ ರಾಜ್ಯಗಳ ಪಟ್ಟಿಯ ವಿಷಯ. 2017ರಲ್ಲಿ ಬಂದ ಜಿಎಸ್‌ಟಿಯೂ ಕುಡಿಯುವ ಮದ್ಯವನ್ನು ಮುಟ್ಟಲಿಲ್ಲ. ಹೀಗಾಗಿ ಸೋಪು, ಬಿಸ್ಕತ್ತಿಗೆ ದೇಶವೆಲ್ಲ ಒಂದೇ ಮಾರುಕಟ್ಟೆ. ಬಿಯರಿಗೆ ಮಾತ್ರ ರಾಜ್ಯಕ್ಕೊಂದು ಸುಂಕದಕಟ್ಟೆ, ರಾಜ್ಯಕ್ಕೊಂದು ಲೇಬಲ್, ರಾಜ್ಯಕ್ಕೊಂದು ದರ.

ಇದರ ಏಟು ಎಂಥದ್ದು ಎಂದು ಬೀರಾ ಕಂಪನಿಯನ್ನು ಕೇಳಬೇಕು. 2015ರಲ್ಲಿ ಬೆಲ್ಜಿಯಮ್ಮಿನಲ್ಲಿ ತಯಾರಿಸಿ ತಂದ ಮಾಲಿನಿಂದ ಶುರುವಾದ ಈ ಹೆಸರು ಕೆಲವೇ ವರ್ಷದಲ್ಲಿ ದೇಶವೆಲ್ಲ ಹಬ್ಬಿತು. ಷೇರು ಪೇಟೆಗೆ ಬರುವ ಆಸೆಯಲ್ಲಿ ಕಂಪನಿಯ ಹೆಸರಿನಿಂದ ‘ಪ್ರೈವೇಟ್’ ಎಂಬ ಒಂದು ಪದ ತೆಗೆದರು. ಅಷ್ಟೇ! ಹೆಸರು ಬದಲಾದ ಮೇಲೆ ಹಳೇ ಲೇಬಲ್ ಚಾಲ್ತಿಯಲ್ಲಿಲ್ಲ. ರಾಜ್ಯ ರಾಜ್ಯಕ್ಕೂ ಹೋಗಿ ಹೊಸದಾಗಿ ಅರ್ಜಿ ಹಾಕಬೇಕಾಯಿತು. ತಿಂಗಳುಗಟ್ಟಲೆ ಮಾರಾಟ ನಿಂತಿತು, ಕೋಟಿಗಟ್ಟಲೆ ಮಾಲು ಕೊಳೆಯಿತು. 2024ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಕಂಪನಿಯ ವ್ಯಾಪಾರ 638 ಕೋಟಿ ರೂಪಾಯಿ, ನಷ್ಟ 748 ಕೋಟಿ. ಗಂಟಿಗಿಂತ ಸಾಲವೇ ದೊಡ್ಡದು ಎಂಬಂತಾಯಿತು.

ಹತ್ತು ರೂಪಾಯಿ ಮೂವತ್ತಾಗುವ ಲೆಕ್ಕ

ಇನ್ನು ದರದ ಮಾತು. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ರಾಜ್ಯ ಸರ್ಕಾರ 2023ರ ಜುಲೈ ಬಜೆಟ್ಟಿನಲ್ಲಿ ಶೇ. 175ರಿಂದ 185ಕ್ಕೆ ಏರಿಸಿತು. 2025ರ ಜನವರಿ 20ರಿಂದ ಶೇ. 195, ಇಲ್ಲಾಂದ್ರೆ ಲೀಟರಿಗೆ 130 ರೂಪಾಯಿ, ಯಾವುದು ಹೆಚ್ಚೋ ಅದು ಎಂದಾಯಿತು. 2025-26ಕ್ಕೆ ಅಬಕಾರಿಯಿಂದ ನಿರೀಕ್ಷಿಸಿದ್ದು 40 ಸಾವಿರ ಕೋಟಿ. ಅಷ್ಟು ಹಣ ಗಾಳಿಯಿಂದ ಬರೋದಿಲ್ಲವಲ್ಲ!

ಆಗಿನ ಶೇ. 195ರ ಲೆಕ್ಕ ಅಂಗಡಿಯವರಿಗೆ ಚೆನ್ನಾಗಿ ಗೊತ್ತಾಯಿತು. ಒಳ್ಳೇ ಮಾಲ್ಟು ಹಾಕಿದ್ದಕ್ಕೆ ತಯಾರಿಕೆ ಖರ್ಚು 10 ರೂಪಾಯಿ ಹೆಚ್ಚಾಯಿತು ಅನ್ನಿ. ಅದರ ಮೇಲೆ ಸುಂಕವೇ 19 ರೂಪಾಯಿ 50 ಪೈಸೆ ಬೀಳುತ್ತಿತ್ತು. ಹತ್ತು ಹೋಗಿ ಇಪ್ಪತ್ತೊಂಬತ್ತೂವರೆ! ಅಂಗಡಿಯ ಪಾಲು ಇನ್ನೂ ಸೇರಿಲ್ಲ. ಬಾರ್ಲಿ ಬರೋದು ರಾಜಸ್ಥಾನ, ಹರಿಯಾಣ ಕಡೆಯಿಂದ. ಹಾಪ್ಸ್ ಬಹುಪಾಲು ವಿದೇಶದ್ದು. ಸಣ್ಣ ತಯಾರಕ ಸಗಟಿನಲ್ಲಿ ಕೊಳ್ಳಲಾರ. ಸುಂಕ ಅವನ ಖರ್ಚಿನ ಮೇಲೇ ಕೂತು ಬೆಳೆಯುತ್ತದೆ.

ಇತ್ತ ಲೀಟರಿಗೆ ಇಷ್ಟು ಎಂಬ ಕನಿಷ್ಠ ಸುಂಕದಿಂದ ಹೆಚ್ಚು ಪೆಟ್ಟು ತಿಂದದ್ದು ಅಗ್ಗದ ಬಿಯರ್. ಪೀಣ್ಯದ ಪಾಳಿ ಮುಗಿಸಿ ಬರುವ ಕೂಲಿಕಾರ ಕುಡಿಯುವುದು ಅದನ್ನೇ. ಅಗ್ಗದ್ದು ಮೇಲೇರಿದರೆ ಅದಕ್ಕೂ ಷೋಕಿಯ ಡಬ್ಬಿಗೂ ಇರುವ ಅಂತರ ಕಿರಿದಾಗುತ್ತದೆ. ಹೊರಗಿನ ಕಂಪನಿಗಳಿಗೆ ಕಾಣುವ ಹೊಸ ಮಾರುಕಟ್ಟೆ ಇದೇ. ಈ ದಾರಿಯನ್ನು ತೆರೆದುಕೊಟ್ಟದ್ದು ಬಡವನ ಜೇಬು ಎಂಬುದನ್ನು ಮರೆಯುವಂತಿಲ್ಲ.

ಅಂಗಡಿಯವನ ಪಾಡು

ಈ ಜಗಳದಲ್ಲಿ ನಡುವೆ ಸಿಕ್ಕಿಬಿದ್ದವನು ಫ್ರಿಜ್ಜಿನ ಯಜಮಾನ. 1992ರಲ್ಲಿ ವೈನ್ ಷಾಪು, ಬಾರುಗಳಿಗೆ ಹೊಸ ಲೈಸೆನ್ಸ್ ಕೊಡುವುದು ನಿಂತಿತು. ಆಮೇಲೆ ದಶಕಗಳ ಕಾಲ ಇದ್ದ ಲೈಸೆನ್ಸೇ ಕೈಯಿಂದ ಕೈಗೆ ಓಡಾಡಿತು. ಬಡಾವಣೆ ಬೆಳೆಯಿತು, ಷೆಲ್ಫು ಬೆಳೆಯಲಿಲ್ಲ. ಹೀಗಾಗಿ ಒಂದು ಹೊಸ ಡಬ್ಬಿ ಒಳಗೆ ಬಂದರೆ ಒಂದು ಹಳೆಯದು ಹೊರಗೆ ಹೋಗಬೇಕು. ದೊಡ್ಡ ಕಂಪನಿಯನ್ನು ಎದುರು ಹಾಕಿಕೊಳ್ಳುವಂತಿಲ್ಲ, ಹೊಸ ಗಿರಾಕಿಯನ್ನು ಬಿಡುವಂತಿಲ್ಲ. ನಿಧಾನಕ್ಕೆ ಮಾರುವ ಗೋಧಿ ಬಿಯರ್ ತಿಂಗಳುಗಟ್ಟಲೆ ಕೂತರೆ ರುಚಿ ಕೆಡುತ್ತದೆ, ತಾರೀಖು ಮೀರುತ್ತದೆ. ನಷ್ಟ ಯಾರದ್ದು?

ಅದಕ್ಕೇ ವ್ಯಾಪಾರಸ್ಥರು ಎರಡು ತಾರೀಖು ನೋಡಬೇಕು. ಒಂದು, ಡಬ್ಬಿಯ ಮೇಲಿನ ತಯಾರಿಕೆ ದಿನ. ಇನ್ನೊಂದು, ಜೂನ್ 30. ಕರ್ನಾಟಕದ ಅಬಕಾರಿ ವರ್ಷ ಮುಗಿಯೋದು ಅಂದು. ಆ ಹೆಸರಿನ ಕಂಪನಿ ಜುಲೈ ಒಂದಕ್ಕೆ ಲೇಬಲ್ ನವೀಕರಿಸುತ್ತದೋ ಇಲ್ಲವೋ ವಿಚಾರಿಸದೆ, ಏಜೆಂಟನ ಮಾತಿಗೆ ಮರುಳಾಗಿ ಕೇಸುಗಟ್ಟಲೆ ಇಂಡೆಂಟ್ ಹಾಕಿದವನು ಕೈ ಸುಟ್ಟುಕೊಳ್ಳುತ್ತಾನೆ. ಬೀರಾದಂಥ ದೊಡ್ಡ ಹೆಸರಿಗೇ ಲೇಬಲ್ ಕೈಕೊಟ್ಟಿತು.

ಊರಿನಲ್ಲಿ ಇನ್ನಷ್ಟು ಕುಡಿಯಲಿ ಎಂಬುದು ಇಲ್ಲಿನ ವಾದವಲ್ಲ. ಬಸ್ಸಿಗೆ ಕಾಯುವ ಹೆಂಗಸರು ವೈನ್ ಷಾಪಿನ ಮುಂದಿನ ಗುಂಪಿಗೆ ಮುಖ ತಿರುಗಿಸಿ ನಿಲ್ಲುವುದನ್ನು ಪಶ್ಚಿಮ ಬೆಂಗಳೂರು ದಿನಾ ನೋಡುತ್ತದೆ. ಆದರೆ ಮಾರುವುದೇ ನಿಜವಾದ ಮೇಲೆ ತಕ್ಕಡಿ ಒಂದೇ ಇರಬೇಕು. ಮೊಹರು ಹಾಕಿ, ಸುಂಕ ಕಟ್ಟಿಸಿಕೊಂಡು, ಊರ ಸಣ್ಣ ಬ್ರೂವರಿಗೂ ನಿಗಮದ ಡಿಪೋ ಬಾಗಿಲು ತೆರೆದರೆ ಖಜಾನೆಗೆ ಹಾನಿಯಿಲ್ಲ, ಕೆಲಸ ಇಲ್ಲೇ ಉಳಿಯುತ್ತದೆ. ಅಲ್ಲಿಯವರೆಗೂ ಹೊರಗಿನ ಲಾರಿ ಮಾಲು ಇಳಿಸುತ್ತಿರುತ್ತದೆ. ಊರ ಟ್ಯಾಂಕು ತನ್ನ ನಾಲ್ಕು ಗೋಡೆಯೊಳಗೇ ನೊರೆ ಕಕ್ಕುತ್ತಿರುತ್ತದೆ.