ಮುದ್ರೆ ಬೀಳುವ ಮೊದಲು ಹೆಸರು ಸರಿಯಿರಲಿ

ದ್ವಿತೀಯ ಪಿಯುಸಿ ಮುಗಿದ ಮೇಲೆ ನಮ್ಮಲ್ಲಿ ಕೆಲವರು ಓದಲು ವಿಜಯಪುರಕ್ಕೋ ಕಲಬುರಗಿಗೋ ಹೋಗುತ್ತಾರೆ. ಕೆಲವರು ದುಡಿಯಲು ಪುಣೆ, ಮುಂಬೈ, ಗೋವಾ ಕಡೆ ಹೋಗುತ್ತಾರೆ. ಇನ್ನು ಕೆಲವರ ಮನೆಯಲ್ಲಿ ಅಣ್ಣನೋ ಮಾಮುವೋ ಸೌದಿಯಲ್ಲಿ, ದುಬೈಯಲ್ಲಿ ಇರುತ್ತಾರೆ. ಅಲ್ಲಿಂದ ಒಂದು ದಿನ ಫೋನ್ ಬರುತ್ತದೆ: “ಮಾರ್ಕ್ಸ್ ಕಾರ್ಡ್ ಅಟೆಸ್ಟೇಶನ್ ಮಾಡಿಸಿ ಇಟ್ಕೊ, ವೀಸಾ ಬರ್ತದ.” ಓಡಾಟ ಶುರುವಾಗುವುದು ಅಲ್ಲಿಂದ. ಈ ಓಡಾಟದ ಅರ್ಧ ಭಾಗವನ್ನು ಕಾಲೇಜಿನಲ್ಲಿ ಇರುವಾಗಲೇ ತಪ್ಪಿಸಬಹುದು, ತಪ್ಪಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಈ ದೃಢೀಕರಣದ ದಾರಿ ಹೇಗಿದೆ ನೋಡೋಣ. ನಮ್ಮ ಅಂಕಪಟ್ಟಿಯನ್ನು ಬೇರೆ ದೇಶದವರು ಸುಮ್ಮನೆ ನಂಬುವುದಿಲ್ಲ. ಶಿಕ್ಷಣದ ದಾಖಲೆಯಾದರೆ ಮೊದಲು ರಾಜ್ಯ ಸರ್ಕಾರದ ಶಿಕ್ಷಣ ಇಲಾಖೆಯ ಮಟ್ಟದಲ್ಲಿ ಪರಿಶೀಲನೆ ಆಗಬೇಕು. ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರದಂಥ ವೈಯಕ್ತಿಕ ದಾಖಲೆಯಾದರೆ ಗೃಹ ಅಥವಾ ಸಾಮಾನ್ಯ ಆಡಳಿತ ಇಲಾಖೆಯ ಕಡೆಯಿಂದ ಆಗಬೇಕು. ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯದ ಸರದಿ.

1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಸಚಿವಾಲಯ ‘ಅಪೊಸ್ಟಿಲ್’ ಎಂಬ ಚೀಟಿ ಅಂಟಿಸಿಕೊಟ್ಟರೆ ರಾಯಭಾರ ಕಚೇರಿಗೆ ಮತ್ತೆ ಹೋಗಬೇಕಿಲ್ಲ. ಭಾರತದಲ್ಲಿ ಈ ಒಪ್ಪಂದ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಒಮಾನ್ 2012ರಲ್ಲಿ, ಬಹರೈನ್ 2013ರಲ್ಲಿ ಇದರೊಳಗೆ ಬಂದವು. ಸೌದಿ ಅರೇಬಿಯಾದಲ್ಲಿ ಇದು ಜಾರಿಯಾದದ್ದು 2022ರ ಡಿಸೆಂಬರ್ 7ರಂದು. ಆದರೆ ಯುಎಇ, ಕತಾರ್, ಕುವೈತ್‌ಗಳಿಗೆ ಹಳೆಯ ಉದ್ದದ ದಾರಿಯೇ: ಸಚಿವಾಲಯದ ಮುದ್ರೆಯಾದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಆದ್ದರಿಂದ “ಗಲ್ಫ್‌ಗೆ ಹೋಗಬೇಕು” ಎಂದರೆ ಸಾಲದು, ಯಾವ ದೇಶ ಎಂದು ಮೊದಲು ತಿಳಿದಿರಬೇಕು.

ಇಲ್ಲಿ ಒಂದು ಮಾತನ್ನು ಬಹಳ ಜನ ಗಮನಿಸುವುದಿಲ್ಲ. ಅಪೊಸ್ಟಿಲ್ ಹೇಳುವುದು ಇಷ್ಟೇ: ಈ ಸಹಿ ನಿಜ, ಸಹಿ ಮಾಡಿದವರಿಗೆ ಆ ಅಧಿಕಾರ ಇತ್ತು, ಈ ಮೊಹರು ಅಸಲಿ. ದಾಖಲೆಯೊಳಗೆ ಬರೆದದ್ದು ಸರಿಯೋ ತಪ್ಪೋ ಎಂದು ಅದು ಹೇಳುವುದಿಲ್ಲ. ಅಂಕಪಟ್ಟಿಯಲ್ಲಿ ಹೆಸರು ತಪ್ಪಿದ್ದರೆ ಆ ತಪ್ಪು ಹೆಸರಿಗೇ ಮುದ್ರೆ ಬೀಳುತ್ತದೆ. ಹಣ ಖರ್ಚಾಗುತ್ತದೆ, ತಿಂಗಳು ಕಳೆಯುತ್ತದೆ, ಕೊನೆಗೆ ಪಾಸ್‌ಪೋರ್ಟಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ತಾಳೆಯಾಗದೆ ಕಾಗದ ವಾಪಸ್ ಬರುತ್ತದೆ. ಮುದ್ರೆ ಬೀಳುವುದು ಬೆಂಗಳೂರು, ದೆಹಲಿಯಲ್ಲಿ. ತಪ್ಪು ಹುಟ್ಟುವುದು ಮಾತ್ರ ನಮ್ಮೂರ ಶಾಲೆಯ ದಾಖಲಾತಿ ಪುಸ್ತಕದಲ್ಲಿ.

ನಮ್ಮ ಹೆಸರುಗಳಿಗೆ ಈ ತೊಂದರೆ ಸ್ವಲ್ಪ ಹೆಚ್ಚೇ. ಉರ್ದುವಿನಲ್ಲಿ ಕರೆದ ಹೆಸರನ್ನು ಕನ್ನಡದಲ್ಲಿ ಬರೆದು, ಅದನ್ನು ಮತ್ತೆ ಇಂಗ್ಲಿಷಿಗೆ ಇಳಿಸುವಾಗ ಒಂದೇ ಹೆಸರು ಮೂರು ರೂಪ ತಾಳುತ್ತದೆ. ಒಂದು ಕಡೆ ‘ಮೊಹಮ್ಮದ್’, ಇನ್ನೊಂದು ಕಡೆ ‘ಮಹಮ್ಮದ’, ಮತ್ತೊಂದು ಕಡೆ ಬರೀ ‘ಎಂ.ಡಿ.’. ತಂದೆಯ ಹೆಸರು ರೇಷನ್ ಕಾರ್ಡಿನಲ್ಲಿ ‘ಮಹಿಬೂಬಸಾಬ’, ಆಧಾರ್‌ನಲ್ಲಿ ‘ಮೆಹಬೂಬ್’. ಬಾಗವಾನ, ನದಾಫ, ಮುಲ್ಲಾ, ಜಮಾದಾರ ಎಂಬ ಅಡ್ಡಹೆಸರು ಒಂದು ದಾಖಲೆಯಲ್ಲಿ ಮೊದಲು ಬಂದರೆ ಇನ್ನೊಂದರಲ್ಲಿ ಕೊನೆಗೆ ಬರುತ್ತದೆ, ಮತ್ತೊಂದರಲ್ಲಿ ಇರುವುದೇ ಇಲ್ಲ. ಸಿಂದಗಿಯಲ್ಲಿ ಎಲ್ಲರಿಗೂ ಗೊತ್ತು, ಅವರೆಲ್ಲ ಒಬ್ಬರೇ ಎಂದು. ರಿಯಾದ್‌ನ ಕಚೇರಿಯಲ್ಲಿ ಕೂತವರಿಗೆ ಅವರು ಮೂವರು.

ಹುಡುಗಿಯರ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು, ನಿಕಾಹ್‌ನಾಮಾದಲ್ಲಿ ಮನೆಯಲ್ಲಿ ಕರೆಯುವ ಹೆಸರು. ನಾಳೆ ಫ್ಯಾಮಿಲಿ ವೀಸಾಕ್ಕೆ ಈ ಎಲ್ಲ ಕಾಗದಗಳೂ ಒಂದೇ ಮಾತು ಹೇಳಬೇಕು. ಮದುವೆಯಾದ ಕೂಡಲೇ ಹೆಣ್ಣು ಹೆಸರು ಬದಲಿಸಲೇಬೇಕು ಎಂದು ಕಾನೂನು ಹೇಳುವುದಿಲ್ಲ, ನಮ್ಮ ದೀನ್ ಕೂಡ ಹೇಳುವುದಿಲ್ಲ. ಅಂಕಪಟ್ಟಿಯಲ್ಲಿ ಇರುವ ಹೆಸರನ್ನೇ ಎಲ್ಲ ಕಡೆ ಉಳಿಸಿಕೊಳ್ಳುವುದು ಲೇಸು.

“ನಾವೆಲ್ಲಿ ವಿದೇಶಕ್ಕೆ ಹೋಗುತ್ತೇವೆ?” ಎಂದು ಕೆಲವು ಗೆಳೆಯರು ಕೇಳುತ್ತಾರೆ. ಹೋಗದಿರಬಹುದು. ಆದರೆ ಇದೇ ಹೆಸರಿನ ಗೊಂದಲ ವಿದ್ಯಾರ್ಥಿವೇತನದ ಅರ್ಜಿಯಲ್ಲೂ ಬ್ಯಾಂಕ್ ಖಾತೆಯಲ್ಲೂ ಸರ್ಕಾರಿ ನೌಕರಿಯ ದಾಖಲೆ ಪರಿಶೀಲನೆಯಲ್ಲೂ ಎದುರಾಗುತ್ತದೆ. ವಿದೇಶದ ಕಾಗದದಲ್ಲಿ ಅದು ದುಬಾರಿಯಾಗುತ್ತದೆ, ಅಷ್ಟೇ ವ್ಯತ್ಯಾಸ.

ದುಬಾರಿ ಎಂದೆ. ಅಪೊಸ್ಟಿಲ್‌ಗೆ ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಸಚಿವಾಲಯ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ಅದು ನೇಮಿಸಿದ ಸಂಸ್ಥೆಗಳ ಮೂಲಕ ಕೊಡಬೇಕು. ಅವುಗಳ ಸೇವಾ ಶುಲ್ಕ ಬೇರೆ. ಇದನ್ನು ತಿಳಿಯದವರು ಏಜೆಂಟ್ ಕೇಳಿದಷ್ಟು ಕೊಡುತ್ತಾರೆ, ರಸೀದಿ ಇಲ್ಲದೆ ಅಸಲಿ ಅಂಕಪಟ್ಟಿಯನ್ನೂ ಕೊಟ್ಟು ಬರುತ್ತಾರೆ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂಬ ಆದೇಶವಿರುವ ಸೂರಃ ಅಲ್ ಬಕರಾದ 282ನೇ ಆಯತ್ ಕುರ್‌ಆನಿನ ಅತಿ ಉದ್ದದ ಆಯತ್. ಅದನ್ನು ಓದುವ ನಾವು ಬರಹವಿಲ್ಲದೆ ಅಸಲಿ ಕಾಗದ ಕೈಬಿಡುವುದು ಸರಿಯಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಪ್ರಾಚಾರ್ಯರಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆ, ಪರೀಕ್ಷೆಗೆ ವಿದ್ಯಾರ್ಥಿಗಳ ವಿವರ ಮಂಡಳಿಗೆ ಹೋಗುವ ಮೊದಲು, ಪ್ರತಿ ತರಗತಿಯಲ್ಲಿ ಒಂದು ಪಿರಿಯಡ್ ‘ದಾಖಲೆ ತಾಳೆ’ಗೆ ಕೊಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜನನ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡೋಣ. ಆಫೀಸಿನ ಗುಮಾಸ್ತರಿಗೆ ಕೆಲಸ ಹೆಚ್ಚಾಗುತ್ತದೆ, ನಿಜ. ನೋಡುವ ಕೆಲಸ ನಾವೇ ಮಾಡಿ, ತಪ್ಪಿದ್ದವರ ಪಟ್ಟಿ ಮಾತ್ರ ಅವರ ಕೈಗೆ ಕೊಡೋಣ. ಎಸ್ಸೆಸ್ಸೆಲ್ಸಿಯಲ್ಲೇ ತಪ್ಪಿದ್ದರೆ ಹೈಸ್ಕೂಲಿನ ಮುಖ್ಯ ಗುರುಗಳ ಮೂಲಕ ಮಂಡಳಿಗೆ ಅರ್ಜಿ ಹಾಕಬೇಕು. ಅಲ್ಲಿ ಸರಿಯಿದ್ದರೆ ಆಧಾರ್, ಬ್ಯಾಂಕ್, ಪಾಸ್‌ಪೋರ್ಟ್ ಎಲ್ಲವೂ ಅದರಂತೆಯೇ ಇರಲಿ. ಅಂಕಪಟ್ಟಿಯನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಅಪೊಸ್ಟಿಲ್ ಚೀಟಿ ಅಂಟಿಸುವುದು ಅದರ ಹಿಂಬದಿಗೆ.

ಸರ್ಕಾರದಲ್ಲಿಯೂ ಒಂದು ಬೇಡಿಕೆ. ಸಿಂದಗಿಯಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ದಿನಗೂಲಿಯ ಮನೆಯ ಹುಡುಗನಿಗೆ ಎರಡು ದಿನದ ಕೂಲಿ, ಎರಡು ರಾತ್ರಿಯ ಬಸ್ಸು. ವಿಜಯಪುರದಲ್ಲಿ ಪದವಿ ಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ ಇದೆ. ನಮ್ಮ ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲೂ ಸಿಗುತ್ತವೆ. ಹೀಗಿರುವಾಗ ರಾಜ್ಯ ಮಟ್ಟದ ಪರಿಶೀಲನೆಯ ಅರ್ಜಿಯನ್ನು ಜಿಲ್ಲೆಯಲ್ಲೇ ತೆಗೆದುಕೊಂಡು ಜಿಲ್ಲೆಯಲ್ಲೇ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಈ ಬಗ್ಗೆ ಕಾಲೇಜಿನ ಆಡಳಿತ ಮಂಡಳಿ ಉಪನಿರ್ದೇಶಕರಿಗೆ ಮನವಿ ಬರೆದರೆ ಸಹಿ ಹಾಕಲು ನಾವೆಲ್ಲ ಸಿದ್ಧ. ಸಹಿ ಹಾಕುವಾಗ ಮಾತ್ರ ಅಂಕಪಟ್ಟಿಯಲ್ಲಿ ಇರುವ ಹೆಸರನ್ನೇ ಬರೆಯೋಣ.