ಸ್ಕ್ಯಾನ್ ನಾರ್ಮಲ್, ನಡಿಗೆ ಮಾತ್ರ ಜೋಲಿ

ತಲೆಗೆ ಪೆಟ್ಟು ಬಿದ್ದು ದಾಖಲಾದವರ ಸಮತೋಲನವನ್ನು ಡಿಸ್ಚಾರ್ಜಿಗೆ ಮೊದಲೇ ಪರೀಕ್ಷಿಸಬೇಕೆಂದು ನಾವು ಫಿಸಿಯೋಥೆರಪಿಸ್ಟರು ಕೇಳಿದಾಗಲೆಲ್ಲ ನಾಲ್ಕು ಆಕ್ಷೇಪಗಳು ಎದುರಾಗುತ್ತವೆ. ಒಂದೊಂದಕ್ಕೂ ಉತ್ತರಿಸುತ್ತೇನೆ.

1. 'ಸಿಟಿ ಸ್ಕ್ಯಾನ್ ನಾರ್ಮಲ್ ಇದೆಯಲ್ಲ?' ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣುತ್ತದೆ, ಮೂಳೆ ಮುರಿತ ಕಾಣುತ್ತದೆ. ಒಳಕಿವಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಪೆಟ್ಟಿಗೆ ಕಳಚಿ ಅರ್ಧವೃತ್ತಾಕಾರದ ನಾಳಕ್ಕೆ ಸೇರಿಕೊಂಡದ್ದು ಕಾಣುವುದಿಲ್ಲ. ಅದನ್ನು ಹೇಳುವುದು ರೋಗಿಯ ಕಣ್ಣು. ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಒಂದು ಪಕ್ಕಕ್ಕೆ ತಿರುಗಿಸಿ, ಬೇಗನೆ ಮಲಗಿಸಿ, ತಲೆ ಮಂಚದಂಚಿನಿಂದ ತುಸು ಕೆಳಗೆ ವಾಲುವಂತೆ ಹಿಡಿಯುತ್ತೇವೆ. ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಕಣ್ಣುಗುಡ್ಡೆ ತಿರುಚುತ್ತಾ ಮೇಲಕ್ಕೆ ಜಿಗಿಯತೊಡಗುತ್ತದೆ. ರೋಗಿ ನಮ್ಮ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಸಾಮಾನ್ಯವಾಗಿ ನಿಮಿಷದೊಳಗೆ ಎಲ್ಲ ಶಾಂತ. ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲೇ ವಿವರಿಸಿದ ಪರೀಕ್ಷೆ ಇದು.

2. 'ತಲೆಸುತ್ತು ಇದ್ದರೆ ರೋಗಿಯೇ ಹೇಳುತ್ತಾರೆ.' ಎಲ್ಲರೂ ಹೇಳುವುದಿಲ್ಲ. ಮಿದುಳಿಗೆ ಪೆಟ್ಟಾದ ಕೆಲವರಲ್ಲಿ ಸುತ್ತುವಿಕೆಯ ಅರಿವೇ ಮಂಕಾಗಿರುತ್ತದೆಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ತೋರಿಸಿದ್ದಾರೆ. ತಲೆ ಸುತ್ತುತ್ತಿಲ್ಲ ಎನ್ನುತ್ತಲೇ ಅವರು ಜೋಲಿ ಹೊಡೆಯುತ್ತಾರೆ. ಬಾಯಿಮಾತಿನಲ್ಲಿ ಕೇಳಿದರೆ ಸಾಲದು; ನಿಲ್ಲಿಸಿ, ನಡೆಸಿ ನೋಡಬೇಕು.

3. 'ಮಾತ್ರೆ ಕೊಟ್ಟಿದ್ದೇವೆ, ತಾನಾಗಿ ಹೋಗುತ್ತದೆ.' ಕೆಲವರಿಗೆ ಹೋಗುತ್ತದೆ, ನಿಜ. ಅಷ್ಟರೊಳಗೆ ಬಚ್ಚಲಲ್ಲಿ ಮುಖ ತೊಳೆಯಲು ಬಗ್ಗಿದಾಗಲೋ ಅಟ್ಟದ ಡಬ್ಬಕ್ಕೆ ತಲೆಯೆತ್ತಿದಾಗಲೋ ಅವರು ಮತ್ತೆ ಬಿದ್ದರೆ? ಮಾತ್ರೆ ಹರಳನ್ನು ಕದಲಿಸುವುದಿಲ್ಲ. ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಂತೆ ತಲೆಯನ್ನು ಹಂತಹಂತವಾಗಿ ಹೊರಳಿಸಿದರೆ ಹರಳು ನಾಳದಿಂದ ಹೊರಜಾರುತ್ತದೆ. ಪೆಟ್ಟಿನಿಂದ ಬಂದ ತೊಂದರೆಗೆ ಒಂದಕ್ಕಿಂತ ಹೆಚ್ಚು ಸಲ ಮಾಡಬೇಕಾಗಬಹುದು. ಹರಳಿನ ತೊಂದರೆ ಅಲ್ಲವೆಂದಾದರೆ ಬೇರೆ ಕಾರಣ ಹುಡುಕಬೇಕು, ಅದಕ್ಕೆ ತಕ್ಕ ವ್ಯಾಯಾಮ ಕಲಿಸಬೇಕು.

4. 'ಕುತ್ತಿಗೆಗೆ ಅಪಾಯ, ಸಮಯವೂ ಇಲ್ಲ.' ಮೊದಲ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಕುತ್ತಿಗೆಗೆ ಪೆಟ್ಟಾಗಿಲ್ಲವೆಂದು ವೈದ್ಯರು ಖಚಿತಪಡಿಸುವವರೆಗೆ ಯಾರೂ ತಲೆ ತಿರುಗಿಸಕೂಡದು. ಖಚಿತವಾದ ಮೇಲೂ ಸುಮ್ಮನಿರುವುದೇಕೆ? ಎರಡೂ ಕಿವಿಗಳ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ. ಯಂತ್ರ ಬೇಡ, ಒಂದು ಮಂಚ, ಪಳಗಿದ ಎರಡು ಕೈ ಸಾಕು.

ಬೈಕಿನಿಂದ ಬಿದ್ದು ಬಂದವರು ಗೋಡೆ ಹಿಡಿದುಕೊಂಡು ಮನೆಗೆ ಹೋಗುವಂತಾಗಬಾರದು. ಡಿಸ್ಚಾರ್ಜ್ ಚೀಟಿಗೆ ಸಹಿ ಹಾಕುವ ಮುನ್ನ ದಯವಿಟ್ಟು ಅವರನ್ನೊಮ್ಮೆ ಮಲಗಿಸಿ, ಕಣ್ಣು ನೋಡಿ.